ಪೋರ್ಟ್ ತೆರೆದವರು ಯಾರು, ಮುಚ್ಚುವವರು ಯಾರು?

ಇಂಟರ್‌ನೆಟ್‌ಗೆ ಜೋಡಿಸಿದ ಪ್ರತಿ ಕಂಪ್ಯೂಟರಿಗೂ ಒಂದು ಐಪಿ ವಿಳಾಸವಿರುತ್ತದೆ. ಆ ಒಂದು ವಿಳಾಸದೊಳಗೆ 0ಯಿಂದ 65,535ರವರೆಗಿನ ಪೋರ್ಟ್ ಸಂಖ್ಯೆಗಳಿರುತ್ತವೆ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ವಿಳಾಸ ಒಂದೇ ಆದರೂ, ಅಣ್ಣಿಗೇರಿಯಿಂದ ಹೆಸರುಕಾಳು ಹೇರಿಕೊಂಡು ಬಂದ ಟ್ರ್ಯಾಕ್ಟರು ಯಾವ ದಲಾಲಿ ಅಂಗಡಿಯ ಮುಂದೆ ನಿಲ್ಲಬೇಕೆಂಬುದನ್ನು ಅಂಗಡಿಯ ನಂಬರು ಹೇಳುತ್ತದೆ. ಕಂಪ್ಯೂಟರಿಗೆ ಬಂದ ಮಾಹಿತಿ ಯಾವ ಪ್ರೋಗ್ರಾಮಿಗೆ ಸೇರಬೇಕೆಂಬುದನ್ನು ಪೋರ್ಟ್ ಸಂಖ್ಯೆ ಹೇಳುವುದೂ ಹಾಗೆಯೇ. ಬ್ಯಾಂಕಿನ ಜಾಲತಾಣ 443ರಲ್ಲಿ ಕಾಯುತ್ತದೆ. ವಿಂಡೋಸ್‌ನ ಫೈಲ್ ಹಂಚಿಕೆಗೆ 445, ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ಗೆ 3389, ವ್ಯಾಪಾರಸ್ಥರ ಟ್ಯಾಲಿಗೆ ಸಾಮಾನ್ಯವಾಗಿ 9000.

ಯಾವ ಪ್ರೋಗ್ರಾಮೂ ಕಾಯದಿರುವ ಪೋರ್ಟ್‌ಗೆ ಹೊರಗಿನಿಂದ ಎಷ್ಟು ಕರೆ ಬಂದರೂ ಒಳಗೆ ಓಗೊಡುವವರಿಲ್ಲ. ಅದರಿಂದ ಕೇಡೂ ಇಲ್ಲ. ಹಾಗಾಗಿ ಅಪಾಯ ಇರುವುದು ಸಂಖ್ಯೆಯಲ್ಲಲ್ಲ, ಆ ಸಂಖ್ಯೆಯ ಹಿಂದೆ ಕೂತು ಉತ್ತರ ಕೊಡುವ ಪ್ರೋಗ್ರಾಮಿನಲ್ಲಿ. ಅದು ಎಷ್ಟು ಹಳೆಯದು, ಅದರಲ್ಲಿ ಯಾವ ದೋಷ ಉಳಿದಿದೆ, ಅದರ ಪಾಸ್‌ವರ್ಡ್ ಎಷ್ಟು ಗಟ್ಟಿ, ಇವು ಮೂರೇ ಮುಖ್ಯ. ಪೋರ್ಟ್ ತೆರೆಯುವುದೆಂದರೆ, ಹೊರಗಿನಿಂದ ಯಾರು ಕರೆದರೂ ಈ ಪ್ರೋಗ್ರಾಮಿಗೆ ಮುಟ್ಟಿಸು ಎಂದು, ಕಾವಲು ಕಾಯುವ ಫೈರ್‌ವಾಲ್‌ಗೆ ಹೇಳಿಡುವುದು.

ಫೈರ್‌ವಾಲ್‌ನ ಮೂಲ ನಿಯಮ ಸರಳ. ಒಳಗಿನಿಂದ ಹೊರಟ ಕೋರಿಕೆಗೆ ಬಂದ ಉತ್ತರವನ್ನು ಅದು ಒಳಬಿಡುತ್ತದೆ. ಕೇಳದೆ ಬಂದದ್ದನ್ನು ತಡೆಯುತ್ತದೆ. ವಿಂಡೋಸ್‌ನಲ್ಲಿ ಈ ಕಾವಲು ಮೊದಲಿನಿಂದ ಇರಲಿಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು-ಪ್ರೋಗ್ರಾಮು 135ನೇ ಪೋರ್ಟ್ ಹಿಡಿದು, ಮರುವರ್ಷ ಸ್ಯಾಸರ್ ಎಂಬುದು 445ನ್ನು ಹಿಡಿದು ಲಕ್ಷಾಂತರ ಕಂಪ್ಯೂಟರುಗಳಿಗೆ ಹಬ್ಬಿದವು. ಬಳಕೆದಾರರು ಯಾವ ಕೊಂಡಿಯನ್ನೂ ಒತ್ತಿರಲಿಲ್ಲ, ಯಾವ ಫೈಲನ್ನೂ ತೆರೆದಿರಲಿಲ್ಲ; ಇಂಟರ್‌ನೆಟ್ ಜೋಡಿಸಿದ್ದೇ ಸಾಕಾಯಿತು. ಆ ಪೆಟ್ಟು ತಿಂದ ಮೇಲೆ 2004ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನಿಂದ ಫೈರ್‌ವಾಲ್ ತಾನಾಗಿಯೇ ಚಾಲೂ ಇರುವ ಪದ್ಧತಿ ಶುರುವಾಯಿತು. ಇಂದು ಮನೆಮನೆಯ ವಿಂಡೋಸ್‌ನಲ್ಲಿ ಅದು ಸುಮ್ಮನೆ ಕೆಲಸ ಮಾಡುತ್ತಿರುತ್ತದೆ. ಯಾರಾದರೂ ಆರಿಸುವವರೆಗೆ.

ಕಂಪ್ಯೂಟರಿನ ಈ ಫೈರ್‌ವಾಲ್ ಒಂದು ಕಾವಲಾದರೆ, ಮನೆಯ ರೂಟರ್ ಇನ್ನೊಂದು. ರೂಟರಿನ ಒಳಗಿರುವ ಕಂಪ್ಯೂಟರು, ಮೊಬೈಲು, ಟಿವಿಗಳಿಗೆಲ್ಲ ಸಾಮಾನ್ಯವಾಗಿ 192.168 ಎಂದು ಶುರುವಾಗುವ ಖಾಸಗಿ ವಿಳಾಸಗಳಿರುತ್ತವೆ. ಹೊರಜಗತ್ತಿಗೆ ಕಾಣುವುದು ರೂಟರಿನ ವಿಳಾಸ ಮಾತ್ರ. ಹೊರಗಿನ ಕರೆಯನ್ನು ಒಳಗಿನ ಯಾವುದೋ ಒಂದು ಯಂತ್ರಕ್ಕೆ ತಲುಪಿಸಬೇಕಾದರೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ನಿಯಮ ಬರೆಯಬೇಕು. ಈ ಎರಡು ಕಾವಲುಗಳನ್ನು ಒಂದೇ ಎಂದು ತಿಳಿಯುವುದರಿಂದ ಬಹಳಷ್ಟು ಗೊಂದಲ ಹುಟ್ಟುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಪೋರ್ಟ್ ತೆರೆದರೆ ಅದೇ ವೈಫೈಯಲ್ಲಿರುವವರಿಗೆ ತೆರೆದಂತೆ. ರೂಟರಿನಲ್ಲೂ ತೆರೆದರೆ ಊರಿಗೇ ಏನು, ಲೋಕಕ್ಕೇ ತೆರೆದಂತೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ತಾಲ್ಲೂಕುಗಳಲ್ಲಿ ಮನೆ ಕಂಪ್ಯೂಟರ್ ಎಂದರೆ ಬರೀ ಮನೆ ಕಂಪ್ಯೂಟರಲ್ಲ. ಗೊಬ್ಬರ-ಬೀಜದ ಅಂಗಡಿಯ ಲೆಕ್ಕ, ಮಕ್ಕಳ ಪರೀಕ್ಷೆ ಅರ್ಜಿ, ಪಹಣಿ ಪ್ರಿಂಟು, ಬೆಳೆ ವಿಮೆಯ ನೋಂದಣಿ, ರಾತ್ರಿ ಹುಡುಗರ ಆಟ, ಎಲ್ಲವೂ ಒಂದೇ ಯಂತ್ರದಲ್ಲಿ. ಇಲ್ಲಿ ಪೋರ್ಟ್ ತೆರೆಯುವ ಸಂದರ್ಭಗಳೂ ಹಾಗೆಯೇ ನಾನಾ ಬಗೆ. ಮೆಣಸಿನಕಾಯಿ ತುಂಬಿದ ಗೋದಾಮಿನ ಸಿಸಿಟಿವಿಯನ್ನು ಹುಬ್ಬಳ್ಳಿಯಲ್ಲಿದ್ದುಕೊಂಡೇ ಮೊಬೈಲಿನಲ್ಲಿ ನೋಡಬೇಕು. ವಾರಕ್ಕೊಮ್ಮೆ ಬಂದುಹೋಗುವ ಲೆಕ್ಕಿಗರು ಬಸ್ಸು ಹತ್ತದೆ ಟ್ಯಾಲಿ ತೆರೆದು ಜಿಎಸ್‌ಟಿ ಸಲ್ಲಿಸಬೇಕು. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುವ ಎಂಜಿನಿಯರ್‌ಗೆ ತನ್ನ ಇನ್ನೊಂದು ಯಂತ್ರ ಸಿಗಬೇಕು. ಗೆಳೆಯರ ಜೊತೆ ಮೈನ್‌ಕ್ರಾಫ್ಟ್ ಆಡಲು 25565 ತೆರೆದಿರಬೇಕು ಎಂದು ಯೂಟ್ಯೂಬಿನ ವಿಡಿಯೊ ಹೇಳಿರುತ್ತದೆ.

ಈ ಎಲ್ಲ ಪ್ರಕರಣಗಳಲ್ಲೂ ಒಂದು ಸಾಮ್ಯವಿದೆ. ಪೋರ್ಟ್ ತೆರೆದವರು ಬೇರೆ, ಅದರೊಡನೆ ಬಾಳುವವರು ಬೇರೆ. ಕ್ಯಾಮೆರಾ ಕೂಡಿಸಿದ ಹುಡುಗ, ಟ್ಯಾಲಿ ಹಾಕಿಕೊಟ್ಟ ಲೆಕ್ಕಿಗ, ಪ್ರಿಂಟರ್ ಸರಿಮಾಡಿದ ರಿಪೇರಿಯವ ಕೆಲಸ ಮುಗಿಸಿ, ‘ಈಗ ಬರ್ತದ ನೋಡ್ರಿ’ ಎಂದು ತೋರಿಸಿ ಹೋಗುತ್ತಾರೆ. ಏನು ತೆರೆದರೆಂಬುದು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ. ಲೆಕ್ಕಿಗರು ಬದಲಾಗುತ್ತಾರೆ, ಕ್ಯಾಮೆರಾ ಕೆಟ್ಟು ಮೂಲೆ ಸೇರುತ್ತದೆ, ಮಗ ಆಟ ಬಿಟ್ಟು ಕಾಲೇಜಿಗೆ ಹೋಗುತ್ತಾನೆ. ತೆರೆದ ಪೋರ್ಟ್ ಮಾತ್ರ ವರ್ಷಗಟ್ಟಲೆ ತೆರೆದೇ ಇರುತ್ತದೆ. ಮನೆ ಕಂಪ್ಯೂಟರುಗಳ ಮಟ್ಟಿಗೆ ದೊಡ್ಡ ದೋಷ ಈ ಮರೆವೇ.

‘ನಮ್ಮೂರ ಕಂಪ್ಯೂಟರಿನ್ಯಾಗ ಏನೈತಿ, ಯಾರು ಬರ್ತಾರ’ ಎಂಬ ಮಾತು ಸಹಜ. ಆದರೆ ದಾಳಿಗೆ ಬರುವುದು ಹೆಸರು ಕೇಳಿ ಹುಡುಕಿಕೊಂಡು ಬರುವ ಮನುಷ್ಯನಲ್ಲ, ವಿಳಾಸಗಳನ್ನೆಲ್ಲ ಸಾಲಾಗಿ ಜಾಲಾಡುವ ಪ್ರೋಗ್ರಾಮು. ಹಳೆಯ ಪದ್ಧತಿಯ, ಅಂದರೆ ನಾಲ್ಕನೇ ಆವೃತ್ತಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಬಿಡುಗಡೆ ಮಾಡಿದ ಜೀಮ್ಯಾಪ್ ಎಂಬ ಸಾಧನ, ವೇಗದ ಜಾಲವಿದ್ದರೆ ಒಂದೇ ಕಂಪ್ಯೂಟರಿನಿಂದ ಆ ಎಲ್ಲ ವಿಳಾಸಗಳಲ್ಲಿ ಒಂದು ಪೋರ್ಟ್ ತೆರೆದಿದೆಯೇ ಎಂದು 45 ನಿಮಿಷದೊಳಗೆ ಕೇಳಿ ಮುಗಿಸುತ್ತಿತ್ತು. 2009ರಲ್ಲಿ ಶುರುವಾದ ಶೋಡಾನ್ ಎಂಬ ಹುಡುಕುತಾಣ ಹಾಗೆ ಸಿಕ್ಕ ಕ್ಯಾಮೆರಾ, ರೂಟರ್, ಪ್ರಿಂಟರುಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಹೀಗೆ ಜಾಲಾಡುವ ಪ್ರೋಗ್ರಾಮಿಗೆ ಬೆಂಗಳೂರೂ ಒಂದೇ, ಯರಗುಪ್ಪಿಯೂ ಒಂದೇ. 3389ಕ್ಕೆ ಬದಲು 33890 ಎಂದು ಸಂಖ್ಯೆ ತಿದ್ದಿ ನಿಶ್ಚಿಂತರಾಗುವವರಿದ್ದಾರೆ. ಬೀದಿಯ ಗದ್ದಲ ಕೊಂಚ ಕಡಿಮೆಯಾದೀತು, ಅಷ್ಟೇ; ಹುಡುಕುವವರು ಆ ಸಂಖ್ಯೆಯನ್ನೂ ನೋಡುತ್ತಾರೆ.

ಕರ್ನಾಟಕಕ್ಕೆ ಈ ಪಾಠ ದೊಡ್ಡ ಪ್ರಮಾಣದಲ್ಲಿ ಆದದ್ದು 2017ರ ಜುಲೈ ಕೊನೆಯ ವಾರದಲ್ಲಿ. ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು, ಅದರಲ್ಲೂ ಕರ್ನಾಟಕ ವೃತ್ತದವು, ಇದ್ದಕ್ಕಿದ್ದಂತೆ ಸಂಪರ್ಕ ಕಳೆದುಕೊಂಡವು. ತೊಂದರೆಗೆ ಸಿಕ್ಕಿದ ಮೋಡೆಮ್‌ಗಳ ಸಂಖ್ಯೆ ಸುಮಾರು 60 ಸಾವಿರ ಎಂದು ಆಗ ವರದಿಯಾಯಿತು. ಮೋಡೆಮ್ ಬಂದಾಗ ಇದ್ದ ‘ಅಡ್ಮಿನ್’ ಎಂಬ ಹೆಸರು, ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಿಸದೆ ಹಾಗೇ ಬಿಟ್ಟ ಮನೆಗಳವು ಅವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚಿಸಿತು.

ಆದರೆ ಗ್ರಾಹಕರ ಪಾಸ್‌ವರ್ಡಿನವರೆಗೆ ಹೊರಗಿನವರು ತಲುಪಿದ್ದಾದರೂ ಹೇಗೆ ಎಂಬುದು ನಿಜವಾದ ಪ್ರಶ್ನೆ. ಇಂಟರ್‌ನೆಟ್ ಕಂಪನಿಗಳು ತಮ್ಮ ಗ್ರಾಹಕರ ಮೋಡೆಮ್‌ಗಳನ್ನು ಕಚೇರಿಯಿಂದಲೇ ಸರಿಪಡಿಸಲು ಟಿಆರ್-069 ಎಂಬ ವ್ಯವಸ್ಥೆ ಬಳಸುತ್ತವೆ. ಅದಕ್ಕಾಗಿ ಮೋಡೆಮಿನಲ್ಲಿ ಸಾಮಾನ್ಯವಾಗಿ 7547ನೇ ಪೋರ್ಟ್ ಕಾಯುತ್ತಿರುತ್ತದೆ. ಕಂಪನಿಯ ಸರ್ವರ್‌ಗೆ ಮಾತ್ರ ಕಾಣಬೇಕಾದ ಆ ಪೋರ್ಟ್ ಎಲ್ಲರಿಗೂ ಕಾಣುವಂತಿತ್ತು. ಇದೇ ಪೋರ್ಟ್‌ನ ಮೂಲಕ ನಡೆದ ದಾಳಿಯಿಂದ 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರುಗಳು ಕೆಲಸ ನಿಲ್ಲಿಸಿದ್ದವು. ಎಂಟು ತಿಂಗಳ ಹಿಂದಿನ ಆ ಸುದ್ದಿ ಇಲ್ಲಿ ಯಾರ ಕಿವಿಗೂ ಬಿದ್ದಂತಿರಲಿಲ್ಲ. ಕರ್ನಾಟಕದ ದಾಳಿ ತನ್ನದೆಂದು ಹೇಳಿಕೊಂಡದ್ದು ಬ್ರಿಕರ್‌ಬಾಟ್ ಎಂಬ ಪ್ರೋಗ್ರಾಮಿನ ಹಿಂದಿದ್ದ, ಗುಪ್ತನಾಮದಲ್ಲಿದ್ದ ವ್ಯಕ್ತಿ. ಆ ಪ್ರೋಗ್ರಾಮು ಕದಿಯುತ್ತಿರಲಿಲ್ಲ, ಹಣ ಕೇಳುತ್ತಿರಲಿಲ್ಲ. ಕಾವಲಿಲ್ಲದ ಯಂತ್ರಗಳ ಸ್ಮೃತಿಯನ್ನು ಅಳಿಸಿ ಇಟ್ಟಿಗೆಯಂತೆ ನಿಷ್ಪ್ರಯೋಜಕ ಮಾಡುವುದೇ ಅದರ ಕೆಲಸ. ಇಂಥ ಯಂತ್ರಗಳು ಕಳ್ಳರ ಕೈಗೆ ಸಿಗುವುದಕ್ಕಿಂತ ಸಾಯುವುದೇ ಲೇಸು ಎಂಬ ವಿಚಿತ್ರ ಸಮರ್ಥನೆ ಅದನ್ನು ಬರೆದವನದು. ಇಂಟರ್‌ನೆಟ್ ಇಲ್ಲದೆ ಕೂತ ಗ್ರಾಹಕನಿಗೆ ಆ ಸಮರ್ಥನೆಯಿಂದ ಆದ ಉಪಯೋಗವೇನೂ ಇಲ್ಲ. ಗಮನಿಸಬೇಕಾದ್ದೆಂದರೆ, ಆ ಮನೆಗಳವರು ಒಂದೂ ಪೋರ್ಟ್ ತೆರೆದಿರಲಿಲ್ಲ. ತೆರೆದಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಅದಕ್ಕೆ ಎರಡು ತಿಂಗಳ ಮುಂಚೆ, 2017ರ ಮೇ 12ರಂದು, ವಾನ್ನಾಕ್ರೈ ಹಬ್ಬಿತ್ತು. ಫೈಲುಗಳಿಗೆಲ್ಲ ಬೀಗ ಜಡಿದು, ಬಿಟ್‌ಕಾಯಿನ್‌ನಲ್ಲಿ 300 ಡಾಲರ್ ಕೊಟ್ಟರೆ ಬಿಡಿಸುತ್ತೇನೆ ಎನ್ನುವ ಸುಲಿಗೆ ಪ್ರೋಗ್ರಾಮು ಅದು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಅದು ಹಾರುತ್ತಿದ್ದುದು ಫೈಲ್ ಹಂಚಿಕೆಯ 445ನೇ ಪೋರ್ಟ್ ಮೂಲಕ. 150ಕ್ಕೂ ಹೆಚ್ಚು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳ ಸುದ್ದಿ ಜಗತ್ತಿಗೆಲ್ಲ ಗೊತ್ತಾಯಿತು. ನಮ್ಮ ಪಕ್ಕದ ಕೇರಳದ ವಯನಾಡು ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದರ ಕಂಪ್ಯೂಟರುಗಳೂ ಆ ಪಟ್ಟಿಯಲ್ಲಿದ್ದವೆಂಬುದು ಅಷ್ಟು ಪ್ರಚಾರ ಪಡೆಯಲಿಲ್ಲ. ಹಳ್ಳಿಯ ಪಂಚಾಯಿತಿಯಲ್ಲಿ ಏನಿದೆ ಎಂದು ಆ ಪ್ರೋಗ್ರಾಮು ಕೇಳಲಿಲ್ಲ. ದೋಷಕ್ಕೆ ಮದ್ದಾದ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಂಡವರು ಪಾರಾದರು, ಹಾಕಿಕೊಳ್ಳದೆ 445 ತೆರೆದಿಟ್ಟವರು ಸಿಕ್ಕಿದರು.

ಅಪ್‌ಡೇಟ್ ಎಂಬ ಮಾತು ಬಂದಾಗ ಒಂದು ಕಹಿ ಸತ್ಯ ಹೇಳಲೇಬೇಕು. ಸಣ್ಣ ಊರುಗಳ ಕಂಪ್ಯೂಟರುಗಳಲ್ಲಿ ಲೈಸೆನ್ಸ್ ಇಲ್ಲದ, ‘ಕ್ರ್ಯಾಕ್’ ಮಾಡಿದ ವಿಂಡೋಸ್ ಅಪರೂಪವಲ್ಲ. ಅದನ್ನು ಹಾಕಿಕೊಡುವವರು ಎಲ್ಲಿ ಸಿಕ್ಕಿಬೀಳುತ್ತದೋ ಎಂದು ಅಪ್‌ಡೇಟುಗಳನ್ನೇ ನಿಲ್ಲಿಸಿರುತ್ತಾರೆ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ದುರಸ್ತಿ ನಿಂತ ಇಂಥ ಯಂತ್ರದಲ್ಲಿ ಪೋರ್ಟ್ ತೆರೆಯುವುದಕ್ಕೂ, ಹೊಸದರಲ್ಲಿ ತೆರೆಯುವುದಕ್ಕೂ ಅಜಗಜಾಂತರ.

ಮನೆ ಮತ್ತು ಅಂಗಡಿಗಳ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ಪೋರ್ಟ್ ಯಾವುದೆಂದು ಕೇಳಿದರೆ ಉತ್ತರ 3389. ರಿಮೋಟ್ ಡೆಸ್ಕ್‌ಟಾಪ್ ಒಳ್ಳೆಯ ಸೌಲಭ್ಯವೇ. ಆದರೆ ಅದನ್ನು ನೇರವಾಗಿ ಇಂಟರ್‌ನೆಟ್‌ಗೆ ಬಿಟ್ಟರೆ, ಹೆಸರು ಮತ್ತು ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲು ರಾತ್ರಿ ಬಾಗಿಲು ತಟ್ಟುತ್ತವೆ. ಬಳಕೆದಾರನ ಹೆಸರು ‘ಟ್ಯಾಲಿ’, ಪಾಸ್‌ವರ್ಡ್ ಅಂಗಡಿಯ ಹೆಸರಿನ ಮುಂದೆ 123 ಎಂದಿದ್ದರೆ ಬಹಳ ಹೊತ್ತು ಬೇಕಾಗುವುದಿಲ್ಲ. 2016ರಿಂದ ಓಡಾಡುತ್ತಿರುವ ಧರ್ಮಾ ಎಂಬ ಸುಲಿಗೆ ಪ್ರೋಗ್ರಾಮಿನ ಕುಟುಂಬ ಮುಖ್ಯವಾಗಿ ಈ ದಾರಿಯಲ್ಲೇ ಬರುತ್ತದೆ. ಹೆಸರು ಧರ್ಮ, ಕೆಲಸ ಬೇರೆ. ಒಳಬಂದವರು ಮೊದಲು ಆಂಟಿವೈರಸ್ ಆರಿಸುತ್ತಾರೆ, ಆಮೇಲೆ ಬ್ಯಾಕಪ್ ಹುಡುಕಿ ಅಳಿಸುತ್ತಾರೆ, ಕೊನೆಗೆ ಫೈಲುಗಳಿಗೆ ಬೀಗ ಹಾಕುತ್ತಾರೆ. ಸದಾ ಸಿಕ್ಕಿಸಿಯೇ ಇಟ್ಟ ಪೆನ್‌ಡ್ರೈವ್‌ನಲ್ಲಿರುವ ಬ್ಯಾಕಪ್ಪೂ ಆಗ ಉಳಿಯುವುದಿಲ್ಲ. ಸುಗ್ಗಿಯ ಹೊತ್ತಿಗೆ ದಲಾಲಿ ಅಂಗಡಿಯ ಲೆಕ್ಕ ಹೋದರೆ ನೂರಾರು ರೈತರಿಗೆ ಕೊಡಬೇಕಾದ, ಅವರಿಂದ ಬರಬೇಕಾದ ಬಾಕಿಯ ಕಾಗದವೇ ಹೋದಂತೆ.

ಪಾಸ್‌ವರ್ಡ್ ಗಟ್ಟಿಯಿದ್ದರೂ ಸಾಲದ ಸಂದರ್ಭಗಳಿವೆ. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ದೋಷದಿಂದ, ಪಾಸ್‌ವರ್ಡ್ ಇಲ್ಲದೆಯೇ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹಳೆಯ ವಿಂಡೋಸ್‌ನೊಳಗೆ ನುಗ್ಗಬಹುದಿತ್ತು. ಬೆಂಬಲ ನಿಂತು ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತಿದ್ದುಪಡಿ ಕೊಟ್ಟಿತೆಂದರೆ ಅದರ ಗಂಭೀರತೆ ತಿಳಿಯುತ್ತದೆ. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಹೊರಗಿನವರನ್ನು ಸ್ವಾಗತಿಸುವ ರಿಮೋಟ್ ಡೆಸ್ಕ್‌ಟಾಪ್ ಇರುವುದೇ ಇಲ್ಲ. ಅದನ್ನು ಯಾವುದೋ ಉಚಿತ ಪ್ರೋಗ್ರಾಮಿನಿಂದ ಬಲವಂತವಾಗಿ ಎಬ್ಬಿಸಿಕೊಳ್ಳುವವರು ಎರಡು ಪಟ್ಟು ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾರೆ.

ಕ್ಯಾಮೆರಾಗಳ ಕತೆ ಬೇರೆ ಬಗೆಯದು. ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಕೂಡ ಒಂದು ಕಂಪ್ಯೂಟರೇ. ಆದರೆ ಅದನ್ನು ಕಂಪ್ಯೂಟರೆಂದು ಯಾರೂ ನೋಡುವುದಿಲ್ಲ, ಅಪ್‌ಡೇಟ್ ಮಾಡುವುದೂ ಇಲ್ಲ. ಕಂಪನಿಗೆ ತಕ್ಕಂತೆ 8000, 37777, 554ರಂಥ ಪೋರ್ಟ್‌ಗಳನ್ನು ರೂಟರಿನಲ್ಲಿ ತೆರೆದುಬಿಡುವುದು ಕ್ಯಾಮೆರಾ ಕೂಡಿಸುವವರ ಹಳೆಯ ರೂಢಿ. 2016ರಲ್ಲಿ ಮಿರಾಯ್ ಎಂಬ ಪ್ರೋಗ್ರಾಮು ಇಂಥ ಕ್ಯಾಮೆರಾ, ಡಿವಿಆರ್, ರೂಟರುಗಳಿಗೆ 23ನೇ ಪೋರ್ಟ್ ಮೂಲಕ ಹೋಗಿ, ಕಾರ್ಖಾನೆಯಲ್ಲೇ ಇಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಿತ್ತು. ಅಷ್ಟರಿಂದಲೇ ಲಕ್ಷಾಂತರ ಯಂತ್ರಗಳು ಅದರ ದಂಡಿಗೆ ಸೇರಿದವು. ಆ ವರ್ಷ ಅಕ್ಟೋಬರ್ 21ರಂದು ಆ ದಂಡು ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆರಗಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳನ್ನು ಗಂಟೆಗಟ್ಟಲೆ ಅಲುಗಾಡಿಸಿತು. ಕ್ಯಾಮೆರಾದ ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ. ನೆಟ್ ಸ್ವಲ್ಪ ನಿಧಾನ ಎನ್ನಿಸಿರಬಹುದು.

ಗೊತ್ತಾಗುವ ಹಾನಿಯೂ ಇದೆ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಇಂಟರ್‌ನೆಟ್‌ನಲ್ಲಿ ಮಾರಾಟಕ್ಕಿದ್ದುದು ಪತ್ತೆಯಾಯಿತು. ದುರ್ಬಲ ಪಾಸ್‌ವರ್ಡೇ ಅಲ್ಲಿ ದಾರಿ ಮಾಡಿಕೊಟ್ಟಿತ್ತು. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ನಿಯಮ ತಂದಿದೆ. ಅದು ಹೊಸದಾಗಿ ಮಾರುಕಟ್ಟೆಗೆ ಬರುವ ಕ್ಯಾಮೆರಾಗಳ ಮಾತು. ಈಗಾಗಲೇ ಗೋಡೆಯ ಮೇಲಿರುವವುಗಳನ್ನು ಯಾರೂ ಬಂದು ಪರೀಕ್ಷಿಸುವುದಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆ ಕಾಯಲು ಹಾಕಿದ ಕ್ಯಾಮೆರಾವನ್ನೇ ಮನೆಯ ಪಡಸಾಲೆಗೂ ಹಾಕಿಸುವ ರೂಢಿ ಹೆಚ್ಚುತ್ತಿರುವಾಗ ಇದು ಮಾನದ ಪ್ರಶ್ನೆಯೂ ಹೌದು.

ಪ್ರಿಂಟರಿನಿಂದ ಏನಾದೀತು ಎನ್ನುವವರಿಗೆ 2018ರ ನವೆಂಬರಿನ ಪ್ರಸಂಗ ಹೇಳಬಹುದು. ಜಗತ್ತಿನಾದ್ಯಂತ ಸುಮಾರು 50 ಸಾವಿರ ಪ್ರಿಂಟರುಗಳು ಒಬ್ಬ ಯೂಟ್ಯೂಬರ್‌ನ ಚಾನೆಲ್‌ಗೆ ಚಂದಾದಾರರಾಗಿ ಎಂಬ ಕಾಗದವನ್ನು ತಮ್ಮಷ್ಟಕ್ಕೆ ತಾವೇ ಮುದ್ರಿಸಿದವು. ಅವುಗಳ 9100ನೇ ಪೋರ್ಟ್ ಲೋಕಕ್ಕೆ ತೆರೆದಿತ್ತು, ಅಷ್ಟೇ. ಝೆರಾಕ್ಸ್ ಅಂಗಡಿಯವರಿಗೆ ಕಾಗದ, ಶಾಯಿಯಷ್ಟೇ ನಷ್ಟವಾದರೆ ಅದೃಷ್ಟ.

ಹಳ್ಳಿಗಳ ಗ್ರಾಮ ಒನ್ ಮತ್ತು ಸಾಮಾನ್ಯ ಸೇವಾ ಕೇಂದ್ರಗಳಲ್ಲಿ, ಆಧಾರ್ ಬೆರಳಚ್ಚಿನ ಕೆಲಸ ನಡೆಯುವ ಕಡೆಗಳಲ್ಲಿ, ಇನ್ನೊಂದು ಬಗೆಯ ತಪ್ಪು ತಿಳಿವಳಿಕೆ ಇದೆ. ಆಧಾರ್ ಪ್ರಾಧಿಕಾರದ ನಿಯಮದಂತೆ ಬೆರಳಚ್ಚು ಸಾಧನದ ಪ್ರೋಗ್ರಾಮು ಅದೇ ಕಂಪ್ಯೂಟರಿನ 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲೊಂದರಲ್ಲಿ ಕಾಯುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಡಿಜಿಟಲ್ ಸಹಿ ಹಾಕಿಸುವ ಎಮ್‌ಸೈನರ್ 1585ರಲ್ಲಿ ಕಾಯುತ್ತದೆ. ಆದರೆ ಇವು ಕಾಯುವುದು 127.0.0.1 ಎಂಬ ಒಳವಿಳಾಸದಲ್ಲಿ. ಅಂದರೆ ಆ ಕಂಪ್ಯೂಟರಿನ ಬ್ರೌಸರ್ ಮಾತ್ರ ಅವುಗಳೊಡನೆ ಮಾತನಾಡಬಹುದು. ಪಕ್ಕದ ಮೇಜಿನ ಕಂಪ್ಯೂಟರಿಗೂ ಅವು ಕಾಣವು. ಇವಕ್ಕಾಗಿ ಹೊರಗಿನವರಿಗೆ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ, ರೂಟರನ್ನು ಮುಟ್ಟಲೂಬೇಕಿಲ್ಲ. ಹೀಗಿದ್ದೂ ‘ಡಿವೈಸ್ ನಾಟ್ ರೆಡಿ’ ಎಂದು ಬಂದ ಕೂಡಲೇ ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡುವುದು ಕೆಲವು ರಿಪೇರಿಯವರ ಸಿದ್ಧೌಷಧ. ಕಾರಣ ಬಹಳ ಸಲ ಬೇರೆಯೇ ಇರುತ್ತದೆ: ಡ್ರೈವರ್ ಹಳೆಯದಾಗಿರುತ್ತದೆ, ಸಾಧನದ ನೋಂದಣಿ ಮುಗಿದಿರುತ್ತದೆ, ಸರ್ಟಿಫಿಕೇಟನ್ನು ಬ್ರೌಸರ್ ನಂಬಿರುವುದಿಲ್ಲ. ಸಾಧನ ಚಾಲೂ ಆಗುತ್ತದೆ, ಫೈರ್‌ವಾಲ್ ಆರಿದ್ದು ಆರಿದ್ದೇ. ಊರಿನವರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ-ಆದಾಯ ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳು ಡೆಸ್ಕ್‌ಟಾಪಿನ ಮೇಲೇ ಬಿದ್ದಿರುವ ಕಂಪ್ಯೂಟರಿನಲ್ಲಿ ಇದು ಚಿಕ್ಕ ತಪ್ಪಲ್ಲ.

ಹೊಸ ಪ್ರೋಗ್ರಾಮು ಮೊದಲ ಬಾರಿ ಓಡಿದಾಗ ವಿಂಡೋಸ್ ಕೇಳುವ ‘ಅಲೋ ಆ್ಯಕ್ಸೆಸ್’ ಎಂಬ ಪ್ರಶ್ನೆಗೂ ಇದೇ ಗತಿ. ಓದದೆ ಒತ್ತಿದ ಆ ಒಂದು ಗುಂಡಿಯಿಂದ ಆ ಪ್ರೋಗ್ರಾಮಿಗೆ ಕಾಯಂ ಅನುಮತಿಯ ನಿಯಮ ಬರೆದುಕೊಳ್ಳುತ್ತದೆ. ಜೊತೆಗೆ ಪಬ್ಲಿಕ್, ಪ್ರೈವೇಟ್ ಎಂಬ ಎರಡು ಬಗೆಯ ಜಾಲಗಳಿರುತ್ತವೆ. ಬಸ್ ನಿಲ್ದಾಣ, ಕಾಲೇಜು, ಲಾಡ್ಜಿನ ವೈಫೈಗೆ ಪಬ್ಲಿಕ್ ಎಂದೇ ಇರಬೇಕು. ಇನ್ನು ಯಾರೂ ಏನೂ ಒತ್ತದಿದ್ದರೂ ಪೋರ್ಟ್ ತೆರೆದುಕೊಳ್ಳುವ ದಾರಿಯೊಂದಿದೆ: ರೂಟರುಗಳ ಯುಪಿಎನ್‌ಪಿ ಸೌಲಭ್ಯ. ಒಳಗಿನ ಆಟ, ಟೊರೆಂಟ್ ಅಥವಾ ಕ್ಯಾಮೆರಾ ಕೇಳಿದರೆ ಸಾಕು, ರೂಟರ್ ಮನೆಯವರನ್ನು ವಿಚಾರಿಸದೆ ಪೋರ್ಟ್ ತೆರೆದುಕೊಡುತ್ತದೆ. ವೈರಸ್ ಕೇಳಿದರೂ ಕೊಡುತ್ತದೆ. 2013ರಲ್ಲಿ ರ‍್ಯಾಪಿಡ್7 ಎಂಬ ಕಂಪನಿ ಇಂಟರ್‌ನೆಟ್ ಜಾಲಾಡಿದಾಗ, ಮನೆಯೊಳಗೆ ಮಾತ್ರ ನಡೆಯಬೇಕಾದ ಈ ಯುಪಿಎನ್‌ಪಿ ಕರೆಗೆ ಹೊರಗಿನವರಿಗೂ ಉತ್ತರಿಸಿದ ವಿಳಾಸಗಳು 8 ಕೋಟಿಗೂ ಹೆಚ್ಚಿದ್ದವು. ಇದನ್ನು ಆರಿಸಿಡುವುದರಿಂದ ಹೆಚ್ಚಿನ ಮನೆಗಳಲ್ಲಿ ಏನೂ ಕೆಡುವುದಿಲ್ಲ.

ಮೊಬೈಲ್ ಡೇಟಾ ಅಥವಾ 4ಜಿ, 5ಜಿ ರೂಟರ್ ಬಳಸುವವರ ಸ್ಥಿತಿ ಸ್ವಲ್ಪ ಭಿನ್ನ. ವಿಳಾಸಗಳ ಅಭಾವದಿಂದ ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸುತ್ತವೆ. ರೂಟರಿನಲ್ಲಿ ಕಾಣುವ ಹೊರವಿಳಾಸ 10ರಿಂದ, ಇಲ್ಲವೇ 100.64ರಿಂದ 100.127ರ ನಡುವಿನ ಸಂಖ್ಯೆಯಿಂದ ಶುರುವಾದರೆ ಸಂಪರ್ಕ ಈ ಬಗೆಯದು. ಅಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನ ಕರೆ ಬರುವುದಿಲ್ಲ. ಅನೇಕರು ಅರಿವಿಲ್ಲದೆಯೇ ಬಚಾವಾಗಿರುವುದು ಹೀಗೆ. ಕ್ಯಾಮೆರಾಕ್ಕಾಗಿ ದುಡ್ಡು ಕೊಟ್ಟು ಸ್ಥಿರ ಐಪಿ ತೆಗೆದುಕೊಂಡ ದಿನ ಆ ರಕ್ಷಣೆ ಹೋಗುತ್ತದೆ. ಆರನೇ ಆವೃತ್ತಿಯ ಐಪಿ ವಿಳಾಸ ಭಾರತದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿದೆ. ಅದರಲ್ಲಿ ಪ್ರತಿ ಯಂತ್ರಕ್ಕೂ ನೇರ ಹೊರವಿಳಾಸ ಸಿಗಬಹುದು. ಆಗ ಉಳಿಯುವ ಕಾವಲು ರೂಟರಿನ ಮತ್ತು ವಿಂಡೋಸ್‌ನ ಫೈರ್‌ವಾಲ್‌ಗಳೇ.

ಹಾಗೆಂದು ಫೈರ್‌ವಾಲ್ ಎಲ್ಲ ಕೇಡನ್ನೂ ತಡೆಯುತ್ತದೆಂದಲ್ಲ. ಹಳ್ಳಿಗಳಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಿರುವುದು ಬಹುಪಾಲು ಫೋನ್ ಕರೆಗಳಿಂದ, ಓಟಿಪಿ ಕೊಟ್ಟು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಂಡು. ಆ್ಯನಿಡೆಸ್ಕ್‌ನಂಥ ಪ್ರೋಗ್ರಾಮುಗಳು ಒಳಗಿನಿಂದಲೇ ಹೊರಗೆ ಸಂಪರ್ಕ ಮಾಡುವುದರಿಂದ ಅವಕ್ಕೆ ತೆರೆದ ಪೋರ್ಟ್ ಬೇಕಿಲ್ಲ. ಕರೆ ಮಾಡಿದ ಅಪರಿಚಿತನಿಗೆ ಅದರ ನಂಬರು ಓದಿ ಹೇಳಿದರೆ ಯಾವ ಫೈರ್‌ವಾಲೂ ಅಡ್ಡ ಬರುವುದಿಲ್ಲ. ಪೋರ್ಟಿನ ಅಪಾಯ ಇದಕ್ಕಿಂತ ಅಪರೂಪದ್ದು. ಆದರೆ ಮೋಸದ ಕರೆಯನ್ನು ಕತ್ತರಿಸುವ ಅವಕಾಶವಾದರೂ ಇರುತ್ತದೆ. ತೆರೆದ ಪೋರ್ಟಿನಲ್ಲಿ ಬಂದವರು ಕೇಳಿ ಬರುವುದಿಲ್ಲ.

ಇನ್ನೊಂದು ತೊಡಕು ಕಾನೂನಿನದು. ವಶವಾದ ಕಂಪ್ಯೂಟರನ್ನು ಕಳ್ಳರು ಬೇರೆಯವರ ಮೇಲಿನ ದಾಳಿಗೆ, ಮೋಸದ ವ್ಯವಹಾರಕ್ಕೆ ಮುಸುಕಾಗಿ ಬಳಸುತ್ತಾರೆ. ತನಿಖೆಯವರು ಐಪಿ ವಿಳಾಸದ ಜಾಡು ಹಿಡಿದಾಗ ಸಿಗುವುದು ಸಂಪರ್ಕ ಪಡೆದವರ ಹೆಸರು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಅನುಮತಿಯಿಲ್ಲದೆ ನುಗ್ಗಿದವರಿಗೇ ಹೊರತು ಮನೆಯವರಿಗಲ್ಲ. ಆದರೂ ತಾನಲ್ಲ ಎಂದು ವಿವರಿಸುವ ತಾಪತ್ರಯ ಮನೆಯವರದೇ.

ಮನೆಯಲ್ಲಿ ಏನು ತೆರೆದಿದೆ ಎಂದು ನೋಡುವುದು ಕಷ್ಟವಲ್ಲ. ವಿಂಡೋಸ್‌ನ ರಿಸೋರ್ಸ್ ಮಾನಿಟರ್‌ನಲ್ಲಿ ನೆಟ್‌ವರ್ಕ್ ವಿಭಾಗದ ‘ಲಿಸನಿಂಗ್ ಪೋರ್ಟ್ಸ್’ ಪಟ್ಟಿ ಯಾವ ಪ್ರೋಗ್ರಾಮು ಯಾವ ಸಂಖ್ಯೆಯಲ್ಲಿ ಕಾಯುತ್ತಿದೆ, ಫೈರ್‌ವಾಲ್ ಅದನ್ನು ಬಿಟ್ಟಿದೆಯೇ ಎಂದು ಹೇಳುತ್ತದೆ. ‘ಲೂಪ್‌ಬ್ಯಾಕ್’ (ಅಂದರೆ 127.0.0.1) ಎಂದಿದ್ದವನ್ನು ಬಿಟ್ಟು ಉಳಿದವನ್ನು ಗಮನಿಸಬೇಕು. ರೂಟರಿನ ಪುಟದಲ್ಲಿ ಪೋರ್ಟ್ ಫಾರ್ವರ್ಡಿಂಗ್, ಡಿಎಂಝಡ್, ಯುಪಿಎನ್‌ಪಿ ಎಂಬ ಮೂರು ಜಾಗ ನೋಡಿದರೆ ಸಾಕು. ಡಿಎಂಝಡ್ ಚಾಲೂ ಇದ್ದರೆ ಎಲ್ಲ ಪೋರ್ಟ್‌ಗಳೂ ಒಂದು ಯಂತ್ರದತ್ತ ತೆರೆದಿವೆ ಎಂದೇ ಅರ್ಥ. ಅದನ್ನು ಮೊದಲು ಆರಿಸಬೇಕು. ಹೊರಗಿನಿಂದ ಪರೀಕ್ಷಿಸಲು ಶೀಲ್ಡ್ಸ್‌ಅಪ್‌ನಂಥ ಉಚಿತ ತಾಣಗಳಿವೆ. ಮನೆಯ ವೈಫೈಯೊಳಗಿಂದಲೇ ತಟ್ಟಿ ನೋಡಿದರೆ ಹೊರಗಿನ ಸ್ಥಿತಿ ತಿಳಿಯುವುದಿಲ್ಲ.

ದೂರದಿಂದ ಕೆಲಸ ಮಾಡುವ ಅಗತ್ಯ ನಿಜವೇ. ಪೋರ್ಟ್ ಮುಚ್ಚಿ ಎಂದರೆ ನವಲಗುಂದದ ವ್ಯಾಪಾರಿಯ ಲೆಕ್ಕಿಗ ಮತ್ತೆ ಬಸ್ಸು ಹತ್ತಬೇಕಾಗಿಲ್ಲ. ವಯರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್‌ನಂಥ ವಿಪಿಎನ್ (ಖಾಸಗಿ ಸುರಂಗದಂಥ ಜಾಲ) ಹಾಕಿಕೊಂಡರೆ, ಅಧಿಕೃತ ಕೀಲಿ ಇರುವ ಯಂತ್ರಕ್ಕೆ ಮಾತ್ರ ದಾರಿ ಸಿಗುತ್ತದೆ. 3389 ಆಗಲಿ 9000 ಆಗಲಿ ಹೊರಜಗತ್ತಿಗೆ ಕಾಣುವುದೇ ಇಲ್ಲ. ಟೇಲ್‌ಸ್ಕೇಲ್ ಒಳಗಿನಿಂದ ಹೊರಗೆ ಸಂಪರ್ಕ ಮಾಡುವುದರಿಂದ ಮೊಬೈಲ್ ರೂಟರ್ ಇರುವಲ್ಲೂ ಅದು ನಡೆಯುತ್ತದೆ. ಟ್ಯಾಲಿಯಲ್ಲಿ ಅದರದೇ ರಿಮೋಟ್ ಸೌಲಭ್ಯವಿದೆ. ಕ್ಯಾಮೆರಾಗಳನ್ನು ಕಂಪನಿಯ ಆ್ಯಪ್‌ನಲ್ಲಿ ನೋಡಿದರೆ ಪೋರ್ಟ್ ತೆರೆಯಬೇಕಿಲ್ಲ. ಆದರೆ ಆಗ ನಂಬಿಕೆ ಕಂಪನಿಯ ಸರ್ವರಿನ ಮೇಲೆ, ಹಾಗೂ ಡಿವಿಆರ್‌ನ ಕ್ಯೂಆರ್ ಕೋಡು ಯಾರ ಕೈಗೂ ಸಿಗದಂತೆ ಇಡುವುದರ ಮೇಲೆ. ಏನೇ ಆದರೂ ಬ್ಯಾಕಪ್‌ನ ಒಂದು ಪ್ರತಿ ಕಂಪ್ಯೂಟರಿನಿಂದ ಕಿತ್ತು ಬೇರೆ ಕಡೆ ಇರಬೇಕು.

ಹಾನಿಯಾದ ಮೇಲೆ ಮೊದಲು ಮಾಡಬೇಕಾದ್ದು ನೆಟ್ ಕೇಬಲ್ ಕೀಳುವುದು, ವೈಫೈ ಆರಿಸುವುದು. ಫಾರ್ಮ್ಯಾಟ್ ಮಾಡಿಬಿಟ್ಟರೆ ಸಾಕ್ಷ್ಯವೂ ಹೋಗುತ್ತದೆ. ಹಣ ಹೋಗಿದ್ದರೆ ತಡಮಾಡದೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಸೈಬರ್ ಅಪರಾಧ ನೋಡಿಕೊಳ್ಳುವ, ಜಿಲ್ಲಾ ಪೊಲೀಸರ ಸಿಇಎನ್ ಠಾಣೆಗೂ ಹೋಗಬಹುದು. 2017ರ ಫೆಬ್ರುವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ, ವಶವಾದ ಯಂತ್ರಗಳನ್ನು ಶುಚಿ ಮಾಡುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ.

ಮುಂದಿನ ಸಲ ಕ್ಯಾಮೆರಾ, ಟ್ಯಾಲಿ, ಪ್ರಿಂಟರ್ ಕೂಡಿಸಲು ಯಾರಾದರೂ ಬಂದಾಗ, ಯಾವ ಪೋರ್ಟ್ ತೆರೆದಿರಿ, ಯಾತಕ್ಕೆ ತೆರೆದಿರಿ, ರೂಟರಿನ ಪಾಸ್‌ವರ್ಡ್ ಏನಿಟ್ಟಿರಿ ಎಂಬ ಮೂರನ್ನೂ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರಿಂದ ಆ ಕೆಲಸ ಮಾಡಿಸಬೇಡಿ.